ತೊಗರಿ ಎಲಿ ಹಳದಿ ಬಿತ್ತಾ? ಎಣ್ಣಿ ಹೊಡಿಯೋಕ್ಕಿಂತ ಮೊದಲು ಎಲಿ ಬೆಳಕು ಹ್ಯಾಂಗ ಹಿಡಿತದ ತಿಳ್ಕೊಳ್ರಿ

ಆಳಂದ: ನಾಲ್ಕು ದಿನ ಬಿಡದೆ ಮಳೆ ಹಿಡಿದರೆ ಸಾಕು, ಕಿಣ್ಣಿ ಸುಲ್ತಾನದಿಂದ ಹಿಡಿದು ಅಫಜಲಪುರ, ಜೇವರ್ಗಿ ಸೀಮೆವರೆಗೂ ಎರೆ ಹೊಲದ ತಗ್ಗಿನ ಜಾಗದಲ್ಲಿ ತೊಗರಿ ಹಳದಿ ತಿರುಗಲು ಶುರುವಾಗುತ್ತದೆ. ಮರುದಿನ ರೈತ ಒಂದು ಟೊಂಗೆ ಮುರಿದು, ಕ್ಯಾರಿಬ್ಯಾಗಿನಲ್ಲಿ ಹಾಕಿಕೊಂಡು ಗೊಬ್ಬರದ ಅಂಗಡಿಗೆ ಹೋಗುತ್ತಾನೆ. "ತೊಗರಿ ಹಳದಿ ಆಗ್ಯಾದ, ಏನರ ಕೊಡ್ರಿ" ಅಂತಾನೆ. ಒಂದು ಟಾನಿಕ್ ಬಾಟಲಿ, ಒಂದು ಹುಳದ ಎಣ್ಣಿ, ಒಂದು ಬೂಜಿನ ಪುಡಿ ಸೇರಿ ಬಿಲ್ ಆಗುತ್ತದೆ. ಮೂರನ್ನೂ ಒಂದೇ ಟ್ಯಾಂಕಿಗೆ ಸುರಿದು ಹೊಡೆಯುತ್ತಾರೆ. ಎಂಟು ದಿನಕ್ಕೆ ಗಿಡ ಹಸಿರಾದರೆ ಯಾವುದರಿಂದ ಆಯಿತು ಅನ್ನೋದು ಗೊತ್ತಾಗಲ್ಲ. ಆಗದಿದ್ದರೆ ಇನ್ನೊಂದು ಬಾಟಲಿ.

ಹಳದಿ ಅನ್ನೋದೇ ಒಂದು ರೋಗ ಅಲ್ಲ. ಎಲೆಯೊಳಗೆ ಬಿಸಿಲು ಹಿಡಿಯುವ ಸಾಮಾನು ತಯಾರಾಗುತ್ತಿಲ್ಲ, ಇಲ್ಲವೇ ತಯಾರಾಗಿದ್ದು ಒಡೆದು ಹೋಗುತ್ತಿದೆ ಅನ್ನುವ ಸೂಚನೆ ಅದು. ಯಾಕೆ ಅನ್ನೋದಕ್ಕೆ ಕಾರಣ ನಾಲ್ಕಾರು ಇವೆ, ಒಂದರ ಔಷಧಿ ಇನ್ನೊಂದಕ್ಕೆ ಹತ್ತಲ್ಲ. 2019ರಲ್ಲಿ ಜಿಐ ಟ್ಯಾಗ್ ಪಡೆದ ತೊಗರಿ ನಮ್ಮದು. ವರ್ಷದ ಲೆಕ್ಕವೆಲ್ಲ ಅದರ ಮೇಲೇ ನಿಂತಿರುವಾಗ, ಆ ಎಲೆ ಏನು ಕೆಲಸ ಮಾಡುತ್ತದೆ ಅನ್ನೋದನ್ನ ಒಮ್ಮೆ ನೋಡೋದರಲ್ಲಿ ತಪ್ಪಿಲ್ಲ.

ಎಲೆಯೊಳಗ ಏನದ?

ಹೈಸ್ಕೂಲಿನಲ್ಲಿ ಎಲ್ಲರೂ ಓದಿರುತ್ತಾರೆ, ದ್ಯುತಿಸಂಶ್ಲೇಷಣೆ ಅಂತ. ನೀರು, ಇಂಗಾಲದ ಡೈಆಕ್ಸೈಡ್, ಬಿಸಿಲು ಸೇರಿ ಸಕ್ಕರೆ ಆಗುತ್ತದೆ, ಆಮ್ಲಜನಕ ಹೊರಗೆ ಬರುತ್ತದೆ. ಸಮೀಕರಣ ಬಾಯಿಪಾಠ ಮಾಡಿ ಬರೆದರೆ ಅಂಕ ಸಿಗುತ್ತವೆ. ಆದರೆ ಬಿಸಿಲನ್ನು ಎಲೆ ಹಿಡಿಯುವುದಾದರೂ ಹೇಗೆ? ಅಸಲಿ ಪ್ರಶ್ನೆ ಅದೇ, ಅದನ್ನೇ ಅವಸರದಲ್ಲಿ ದಾಟಿಬಿಡುತ್ತಾರೆ.

ಸೂರ್ಯನಿಂದ ಹೊರಟ ಬೆಳಕು ಹೊಲ ಮುಟ್ಟಲು ಸುಮಾರು 8 ನಿಮಿಷ 20 ಸೆಕೆಂಡು ಬೇಕು. ಎಲೆಯೊಳಗಿನ ಹಸಿರು ಜೀವಕೋಶಗಳಲ್ಲಿ ಬೆಳಕು ಹಿಡಿಯಲೆಂದೇ ಹತ್ತಾರು ಹಸಿರು ಕಾಳಿನಂಥ ಕಣಗಳಿರುತ್ತವೆ. ಇವೇ ಕ್ಲೋರೋಪ್ಲಾಸ್ಟ್. ಅದರೊಳಗೆ ಕಡಕ್ ರೊಟ್ಟಿಯನ್ನು ಬುಟ್ಟಿಯಲ್ಲಿ ಒಂದರ ಮೇಲೊಂದು ಒಟ್ಟಿದಂತೆ ತೆಳು ಪೊರೆಗಳ ಅಟ್ಟಿ ಇದೆ. ಆ ಪೊರೆಗಳಲ್ಲಿ ಸಾಲಾಗಿ ಕೂತಿರುವುದು ಪತ್ರಹರಿತ್ತು, ಅಂದರೆ ಕ್ಲೋರೋಫಿಲ್.

ಪತ್ರಹರಿತ್ತಿನ ಒಂದು ಅಣು ಹೇಗಿರುತ್ತದೆ ಅನ್ನೋದನ್ನ ನೆನಪಿನಲ್ಲಿಡಿ, ಮುಂದೆ ಕೆಲಸಕ್ಕೆ ಬರುತ್ತದೆ. ನಟ್ಟನಡುವೆ ಒಂದು ಮೆಗ್ನೀಸಿಯಂ. ಅದರ ಸುತ್ತ ನಾಲ್ಕು ಸಾರಜನಕ. ಹೊರಗೆ ಇಂಗಾಲದ ಉಂಗುರ, ಹಿಂದೆ ಒಂದು ಉದ್ದನೆಯ ಬಾಲ. ನಮ್ಮ ರಕ್ತವನ್ನು ಕೆಂಪು ಮಾಡುವ ವಸ್ತುವಿನದ್ದೂ ಹೆಚ್ಚುಕಡಿಮೆ ಇದೇ ಉಂಗುರ, ಅಲ್ಲಿ ನಡುವೆ ಕಬ್ಬಿಣ ಇರುತ್ತದೆ ಅಷ್ಟೇ.

ಬೆಳಕು ನೀರಿನ ಹಾಗೆ ಸುರಿಯುತ್ತದೆ ಅನ್ನಿಸುತ್ತದೆ, ಆದರೆ ಅದು ಬರುವುದು ಬಿಡಿಬಿಡಿ ಕಣಗಳಾಗಿ. ಇವಕ್ಕೆ ಫೋಟಾನ್ ಅಂತಾರೆ. ಪತ್ರಹರಿತ್ತಿಗೆ ನೀಲಿ ಮತ್ತು ಕೆಂಪು ಬೆಳಕಿನ ಕಣಗಳೆಂದರೆ ಹೆಚ್ಚು ಇಷ್ಟ. ಹಸಿರು ಅಷ್ಟು ಹಿಡಿಸಲ್ಲ, ಅದರ ಒಂದಿಷ್ಟು ಪಾಲು ವಾಪಸ್ ಬರುತ್ತದೆ. ನಮ್ಮ ಕಣ್ಣಿಗೆ ಎಲೆ ಹಸಿರು ಕಾಣುವುದು ಅದಕ್ಕೆ. "ಗಿಡ ಹಸಿರು ಬೆಳಕು ಬಳಸುವುದೇ ಇಲ್ಲ" ಅಂತ ಕೆಲ ಗೈಡುಗಳಲ್ಲಿ ಬರೆದಿರುತ್ತಾರೆ, ಅದು ತಪ್ಪು. ಎಲೆಯೊಳಗೆ ಆಚೆ ಈಚೆ ಬಡಿದಾಡುತ್ತ ಹಸಿರು ಬೆಳಕಿನ ಹೆಚ್ಚಿನ ಪಾಲೂ ಕಡೆಗೆ ಸೆರೆ ಸಿಗುತ್ತದೆ.

ಫೋಟಾನ್ ಬಂದು ಬಡಿದಾಗ ಪತ್ರಹರಿತ್ತಿನ ಒಂದು ಎಲೆಕ್ಟ್ರಾನ್ ಮೇಲಕ್ಕೆ ಜಿಗಿಯುತ್ತದೆ. ಆ ಜಿಗಿತ ಉಳಿಯುವುದು ಒಂದು ಸೆಕೆಂಡಿನ ನೂರು ಕೋಟಿ ಪಾಲಿನಲ್ಲಿ ಕೆಲವೇ ಪಾಲು. ಅಷ್ಟರೊಳಗೆ ಆ ಶಕ್ತಿಯನ್ನು ಯಾರಾದರೂ ಇಸಿದುಕೊಳ್ಳಬೇಕು. ಇಲ್ಲದಿದ್ದರೆ ಕಾವಾಗಿ ಹೋಗುತ್ತದೆ, ಅಥವಾ ಮಸುಕು ಕೆಂಪು ಬೆಳಕಾಗಿ ಹೊರಬಿದ್ದು ವ್ಯರ್ಥವಾಗುತ್ತದೆ.

ಇದನ್ನು ಮನೆಯಲ್ಲೇ ನೋಡಬಹುದು. ನಾಲ್ಕು ಹಸಿ ಎಲೆ ಚೂರು ಮಾಡಿ, ದವಾಖಾನಿಯಲ್ಲಿ ಬಳಸುವ ಸ್ಪಿರಿಟ್‌ನಲ್ಲಿ ಅರೆದು, ಬಟ್ಟೆಯಲ್ಲಿ ಸೋಸಿ ಗಾಜಿನ ಲೋಟಕ್ಕೆ ಹಾಕಿ. ಹಚ್ಚ ಹಸಿರು ನೀರು ಬರುತ್ತದೆ. ಕತ್ತಲ ಕೋಣೆಯಲ್ಲಿ ಖೋಟಾ ನೋಟು ನೋಡುವ ನೇರಳೆ ಟಾರ್ಚ್ ಅದರ ಮೇಲೆ ಬಿಡಿ. ಹಸಿರು ನೀರು ಕಡುಗೆಂಪಾಗಿ ಹೊಳೆಯುತ್ತದೆ! ಎಲೆಯಿಂದ ಕಿತ್ತು ತೆಗೆದ ಪತ್ರಹರಿತ್ತಿಗೆ ಶಕ್ತಿ ದಾಟಿಸಲು ಪಕ್ಕದಲ್ಲಿ ಯಾರೂ ಇಲ್ಲ, ಹಾಗಾಗಿ ಹಿಡಿದ ಬೆಳಕನ್ನು ಕೆಂಪಾಗಿ ಉಗುಳಿಬಿಡುತ್ತದೆ. (ಸ್ಪಿರಿಟ್ ಬೇಗ ಬೆಂಕಿ ಹಿಡಿಯುತ್ತದೆ, ಒಲೆ ಹತ್ತಿರ ಈ ಕೆಲಸ ಬೇಡ.)

ಕೈಯಿಂದ ಕೈಗೆ

ಬದುಕಿರುವ ಎಲೆಯಲ್ಲಿ ಪತ್ರಹರಿತ್ತು ಒಂಟಿಯಾಗಿ ದುಡಿಯುವುದಿಲ್ಲ. ಸುಮಾರು ಇನ್ನೂರು ಮುನ್ನೂರು ಅಣುಗಳು ಒಂದು ಗುಂಪು. ಹಬ್ಬಿಕೊಂಡು ಬೆಳಕು ಹಿಡಿಯುವುದು ಇವುಗಳ ಕೆಲಸ. ಒಂದರ ಮೇಲೆ ಬಿದ್ದ ಶಕ್ತಿ ಪಕ್ಕದ್ದಕ್ಕೆ, ಅಲ್ಲಿಂದ ಅದರ ಪಕ್ಕದ್ದಕ್ಕೆ ದಾಟುತ್ತ ಹೋಗುತ್ತದೆ. ರಾಶಿ ದಿನ ಸಾಲಾಗಿ ನಿಂತು ಕಾಳಿನ ಬುಟ್ಟಿಯನ್ನು ಕೈಯಿಂದ ಕೈಗೆ ಟ್ರ್ಯಾಕ್ಟರಿನ ಟ್ರಾಲಿವರೆಗೆ ದಾಟಿಸುವ ಹಾಗೆ. ಕೊನೆಗೆ ಅದು ಮುಟ್ಟುವುದು ನಡುವಿನ ಒಂದು ವಿಶೇಷ ಜೋಡಿಗೆ.

ಈ ಗುಂಪುಗಾರಿಕೆ ಬಯಲಾದದ್ದು 1932ರಲ್ಲಿ. ಅಮೆರಿಕದ ರಾಬರ್ಟ್ ಎಮರ್ಸನ್ ಮತ್ತು ವಿಲಿಯಂ ಆರ್ನಾಲ್ಡ್ ಅನ್ನುವವರು ನೀರಿನ ಪಾಚಿಗೆ ಮಿಂಚಿನಂತೆ ಕ್ಷಣ ಕ್ಷಣ ಬೆಳಕು ಕೊಟ್ಟು ಎಷ್ಟು ಆಮ್ಲಜನಕ ಬರುತ್ತದೆ ಎಂದು ಅಳೆದರು. ಒಂದು ಮಿಂಚಿಗೆ ಒಂದು ಆಮ್ಲಜನಕದ ಅಣು ಬರಲು ಸುಮಾರು 2,400 ಪತ್ರಹರಿತ್ತಿನ ಅಣು ಬೇಕು ಅಂತ ಲೆಕ್ಕ ಸಿಕ್ಕಿತು. ದುಡಿಯುವವರು ಕೆಲವೇ ಮಂದಿ, ಉಳಿದವರು ಹೊತ್ತು ತರುವವರು ಅನ್ನೋದು ಆಗ ತಿಳಿಯತೊಡಗಿತು.

ನಡುವಿನ ಆ ಜೋಡಿ ಶಕ್ತಿಯನ್ನು ಮುಂದಕ್ಕೆ ದಾಟಿಸುವುದಿಲ್ಲ, ತನ್ನ ಎಲೆಕ್ಟ್ರಾನನ್ನೇ ಬಿಟ್ಟುಕೊಡುತ್ತದೆ. ಬಿಸಿಲು ಕರೆಂಟ್ ಆಗುವುದು ಇಲ್ಲಿ. ಕಳಕೊಂಡ ಎಲೆಕ್ಟ್ರಾನಿನ ಜಾಗ ತುಂಬಬೇಕಲ್ಲ? ಅದಕ್ಕೆ ಗಿಡ ನೀರನ್ನು ಒಡೆಯುತ್ತದೆ. ನಾಲ್ಕು ಮ್ಯಾಂಗನೀಸ್, ಒಂದು ಕ್ಯಾಲ್ಸಿಯಂ ಇರುವ ಚಿಕ್ಕ ಗಂಟು ಎರಡು ನೀರಿನ ಅಣುಗಳಿಂದ ಎಲೆಕ್ಟ್ರಾನು ಕಿತ್ತುಕೊಂಡು ಆಮ್ಲಜನಕವನ್ನು ಹೊರಗೆ ಬಿಡುತ್ತದೆ. ಅಂದರೆ ನಾವು ಉಸಿರಾಡುವ ಆಮ್ಲಜನಕ ಬಂದದ್ದು ಬೇರು ಎಳೆದ ನೀರಿನಿಂದ, ಗಾಳಿಯ ಇಂಗಾಲದ ಡೈಆಕ್ಸೈಡಿನಿಂದಲ್ಲ. ಸ್ಯಾಮ್ ರೂಬೆನ್, ಮಾರ್ಟಿನ್ ಕೇಮನ್ ಮತ್ತು ಜೊತೆಗಾರರು 1941ರಲ್ಲಿ ತೂಕದ ಆಮ್ಲಜನಕ ಬಳಸಿ ಇದನ್ನು ತೋರಿಸಿದರು.

ಬಿಟ್ಟ ಎಲೆಕ್ಟ್ರಾನ್ ಸಾಗುತ್ತ ಸಾಗುತ್ತ ಸುಸ್ತಾಗುತ್ತದೆ. ದಾರಿಯಲ್ಲಿ ಇನ್ನೊಂದು ಕೇಂದ್ರ ಸಿಗುತ್ತದೆ, ಅಲ್ಲಿ ಮತ್ತೊಂದು ಫೋಟಾನ್ ಅದನ್ನು ಪುನಃ ಮೇಲೆತ್ತುತ್ತದೆ. ಈ ಓಡಾಟದಲ್ಲೇ ಪೊರೆಯ ಒಳಬದಿ ಹೈಡ್ರೋಜನ್ ಅಯಾನುಗಳು ಜಮಾ ಆಗುತ್ತವೆ, ಅಮರ್ಜಾ ಡ್ಯಾಮಿನ ಹಿಂದೆ ನೀರು ನಿಂತ ಹಾಗೆ. ಅವು ಒಂದು ಸಣ್ಣ ಚಕ್ರದಂಥ ಕಿಣ್ವದ ಮೂಲಕ ಹೊರಗೆ ನುಗ್ಗುವಾಗ ಆ ಚಕ್ರ ನಿಜವಾಗಿಯೂ ತಿರುಗುತ್ತದೆ, ಎಟಿಪಿ ಎಂಬ ಶಕ್ತಿಯ ವಸ್ತು ತಯಾರಾಗುತ್ತದೆ. ಅದನ್ನು ಖರ್ಚು ಮಾಡಿ ಗಿಡ ಸಕ್ಕರೆ ಕಟ್ಟುತ್ತದೆ. ಕಾಯಿ, ಕಾಳು, ಕಟ್ಟಿಗೆ ಎಲ್ಲ ಆಮೇಲಿನದು.

ಹಳದಿ ಎಲ್ಲಿಂದ ಶುರು ಆತು ನೋಡ್ರಿ

ಹಳದಿ ಬಣ್ಣ ಹೊಸದಾಗಿ ಬಂದದ್ದಲ್ಲ. ಗಜ್ಜರಿಯಲ್ಲಿ ಇರುವಂಥ ಬಣ್ಣದ ವಸ್ತು ಎಲೆಯಲ್ಲಿ ಮೊದಲಿಂದಲೂ ಇರುತ್ತದೆ, ಹಸಿರಿನ ಕೆಳಗೆ ಮುಚ್ಚಿಹೋಗಿರುತ್ತದೆ. ಪತ್ರಹರಿತ್ತು ಕಮ್ಮಿಯಾದಾಗ ಅದು ಎದ್ದು ಕಾಣುತ್ತದೆ. ಪತ್ರಹರಿತ್ತು ಯಾಕೆ ಕಮ್ಮಿಯಾಯಿತು ಅನ್ನೋದನ್ನ ಹಳದಿ ಶುರುವಾದ ಜಾಗವೇ ಹೇಳುತ್ತದೆ.

ಕೆಳಗಿನ ಹಳೆ ಎಲೆ ಮೊದಲು ಹಳದಿಯಾಗಿ, ಮೇಲಿನ ಕುಡಿ ಇನ್ನೂ ಹಸಿರಿದ್ದರೆ ಸಾರಜನಕದ ಕೊರತೆ ಅಂತ ಅನುಮಾನಿಸಬೇಕು. ಪ್ರತಿ ಪತ್ರಹರಿತ್ತಿಗೂ ನಾಲ್ಕು ಸಾರಜನಕ ಬೇಕು ಅಂತ ಮೇಲೆ ನೋಡಿದೆವು. ಬೆಳಕು ಹಿಡಿಯುವ ಪ್ರೋಟೀನುಗಳಿಗೆ ಅದಕ್ಕಿಂತ ಎಷ್ಟೋ ಹೆಚ್ಚು ಬೇಕು. ಬೇರಿನಿಂದ ಬರುವುದು ನಿಂತಾಗ ಗಿಡ ಹಳೆ ಎಲೆಯನ್ನು ಒಡೆದು, ಅಲ್ಲಿನ ಸಾರಜನಕವನ್ನು ಹೊಸ ಎಲೆಗೆ ಸಾಗಿಸುತ್ತದೆ. ಹಳೆ ಮನೆ ಕಂಬ ಕಿತ್ತು ಹೊಸ ಮನೆಗೆ ಹಾಕಿದಂತೆ.

ಆದರೆ ತೊಗರಿ ತನ್ನ ಸಾರಜನಕವನ್ನು ತಾನೇ ದುಡಿದುಕೊಳ್ಳುವ ಬೆಳೆ. ಬೇರಿನ ಗಂಟುಗಳಲ್ಲಿರುವ ರೈಜೋಬಿಯಂ ಗಾಳಿಯಿಂದ ಅದನ್ನು ಹಿಡಿದು ಕೊಡುತ್ತದೆ. ಹಾಗಿದ್ದ ಮೇಲೆ ಕೊರತೆ ಯಾಕೆ? ನೀರು ನಿಂತ ಎರೆ ಮಣ್ಣಿನಲ್ಲಿ ಗಾಳಿ ಆಡುವುದಿಲ್ಲ. ಬೇರು ಉಸಿರುಗಟ್ಟುತ್ತದೆ, ಗಂಟು ಕೆಲಸ ನಿಲ್ಲಿಸುತ್ತದೆ. ಒಂದು ಗಿಡವನ್ನು ಸಲಿಕೆಯಿಂದ ಅಗೆದು ಬೇರಿನ ಗಂಟು ಉಗುರಲ್ಲಿ ಸೀಳಿ ನೋಡಿ. ಒಳಗೆ ಗುಲಾಬಿ, ಕೆಂಪು ಇದ್ದರೆ ಗಂಟು ಜೀವಂತ. ಬೂದು ಅಥವಾ ಹಸಿರಾಗಿದ್ದರೆ ಕೆಲಸ ನಿಂತಿದೆ. ಇಲ್ಲಿ ಮೊದಲ ಔಷಧಿ ಬಾಟಲಿಯಲ್ಲಿಲ್ಲ, ಸಲಿಕೆಯಲ್ಲಿದೆ: ಕಾಲುವೆ ಹೊಡೆದು ನೀರು ಹೊರಗೆ ಹಾಕುವುದು, ಹೊಲ ಹದಕ್ಕೆ ಬಂದಾಗ ಎಡೆ ಹೊಡೆದು ಗಾಳಿಯಾಡಿಸುವುದು.

ಮೇಲಿನ ಹೊಸ ಎಲೆಯೇ ಹಳದಿ, ನರ ಮಾತ್ರ ಹಸಿರು, ಕೆಳಗಿನ ಎಲೆ ಚೆನ್ನಾಗಿದೆ. ಹಾಗಿದ್ದರೆ ಅದು ಕಬ್ಬಿಣದ ಕೊರತೆಯ ಗುರುತು. ಪತ್ರಹರಿತ್ತಿನಲ್ಲಿ ಕಬ್ಬಿಣ ಇಲ್ಲ, ನಡುವೆ ಇರೋದು ಮೆಗ್ನೀಸಿಯಂ. ಆದರೆ ಆ ಉಂಗುರ ಕಟ್ಟುವ ಕೆಲಸಕ್ಕೆ ಕಬ್ಬಿಣ ಬೇಕೇ ಬೇಕು. ಎಲೆಕ್ಟ್ರಾನ್ ಸಾಗುವ ದಾರಿಯಲ್ಲೂ ಬೇಕು. ಕಬ್ಬಿಣಕ್ಕೆ ಒಂದು ಹಟ ಇದೆ, ಒಮ್ಮೆ ಹಳೆ ಎಲೆಯಲ್ಲಿ ಕೂತರೆ ಹೊಸ ಎಲೆಗೆ ಸುಲಭವಾಗಿ ಹೋಗಲ್ಲ. ಅದಕ್ಕೇ ಕುಡಿ ಮೊದಲು ಬಿಳಚಿಕೊಳ್ಳುತ್ತದೆ.

ನಮ್ಮ ಎರೆ ಮಣ್ಣಿನಲ್ಲಿ ಕಬ್ಬಿಣ ಇಲ್ಲ ಅಂತಲ್ಲ, ಬೇಕಾದಷ್ಟಿದೆ. ಅಗೆದಾಗ ಬಿಳಿ ಸುಣ್ಣದ ಹರಳು ಸಿಗುವ ಹೊಲಗಳಲ್ಲಿ ಮಣ್ಣು ಕ್ಷಾರ ಇರುತ್ತದೆ, ಅಲ್ಲಿ ಕಬ್ಬಿಣ ಗಟ್ಟಿಯಾಗಿ ಕೂತುಬಿಡುತ್ತದೆ. ಮಳೆ ನೀರು ನಿಂತಾಗ ಇದು ಇನ್ನೂ ಜೋರಾಗುತ್ತದೆ. ಮನೆ ತುಂಬ ಜೋಳ ಇದ್ದು ಹಗೇವಿನ ಬಾಯಿ ತೆರೆಯಲು ಬರದಂತೆ. ಇಂಥ ಮಣ್ಣಿಗೆ ಫೆರಸ್ ಸಲ್ಫೇಟ್, ಅಂದರೆ ಅನ್ನಭೇದಿ ಸುರಿದರೆ ಅದೂ ಅಲ್ಲೇ ಬಂಧಿ. ಅದಕ್ಕೇ ಎಲೆಗೆ ಸಿಂಪಡಿಸಿ ಅಂತ ಹೇಳುತ್ತಾರೆ: ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, ಜೊತೆಗೆ 1 ಗ್ರಾಂ ಸಿಟ್ರಿಕ್ ಆಮ್ಲ, ಬಿಸಿಲು ತಂಪಾದ ಮೇಲೆ. ದುಬಾರಿ ಟಾನಿಕ್‌ಗೆ ಹೋಲಿಸಿದರೆ ಇದು ಚಿಲ್ಲರೆ ಕಾಸಿನ ಕೆಲಸ. ನೀರಿಳಿದು ಬೇರು ಚೇತರಿಸಿಕೊಂಡರೆ ಎಷ್ಟೋ ಸಲ ಅದೂ ಬೇಕಾಗಲ್ಲ.

ಮೆಗ್ನೀಸಿಯಂ ಕಮ್ಮಿಯಾದರೂ ನರದ ನಡುವೆ ಹಳದಿ ಬರುತ್ತದೆ, ಆದರೆ ಹಳೆ ಎಲೆಯಲ್ಲಿ. ಕರಿ ಮಣ್ಣಿನಲ್ಲಿ ಸಾಮಾನ್ಯವಾಗಿ ಅದಕ್ಕೆ ಬರ ಇಲ್ಲ.

ಗಿಡ ಪೊದೆಯಂತಾಗಿ, ಎಲೆ ಸಣ್ಣದಾಗಿ, ಹಸಿರು ಹಳದಿ ಮಚ್ಚೆ ಬಿದ್ದು, ಹೂವೇ ಬಿಡದಿದ್ದರೆ ಮಾತು ಬೇರೆ. ಅದು ಗೊಡ್ಡು ರೋಗ. 1931ರಲ್ಲಿ ಬಿಹಾರದ ಪೂಸಾದಲ್ಲಿ ಮೊದಲು ದಾಖಲಾದ ಈ ರೋಗಕ್ಕೆ ವೈರಸ್ ಕಾರಣ ಅಂತ ಗಟ್ಟಿಯಾಗಲು ಸುಮಾರು 70 ವರ್ಷ ಹಿಡಿಯಿತು. ನಮ್ಮ ಪಕ್ಕದ ತೆಲಂಗಾಣದ ಪಟಾನ್‌ಚೆರುವಿನ ಇಕ್ರಿಸ್ಯಾಟ್ ವಿಜ್ಞಾನಿಗಳು ಆ ಕೆಲಸದಲ್ಲಿದ್ದರು. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಇದನ್ನು ಗಿಡದಿಂದ ಗಿಡಕ್ಕೆ ಒಯ್ಯುತ್ತದೆ. ವೈರಸ್ ಹೊಕ್ಕ ಗಿಡಕ್ಕೆ ಯಾವ ಟಾನಿಕ್ಕೂ ಹೂ ತರಿಸಲ್ಲ. ಬೇಗ ಗುರುತಿಸಿ ಕಿತ್ತು ಹಾಕುವುದೇ ಸರಿ.

ಇನ್ನು ನೆಟೆ. ಇದರಲ್ಲಿ ಎಲೆ ಹಳದಿಯಾಗಿ ಗಿಡ ನಿಂತಲ್ಲೇ ಒಣಗುತ್ತದೆ. ಕಾಂಡ ಸೀಳಿದರೆ ಒಳಗೆ ಕಂದು ಕಪ್ಪು ಗೆರೆ ಕಾಣುತ್ತದೆ. ಮಣ್ಣಿನ ಶಿಲೀಂಧ್ರ ನೀರಿನ ನಾಳ ಮುಚ್ಚಿರುತ್ತದೆ. ಒಣಗಿದ ಗಿಡಕ್ಕೆ ಮೇಲಿಂದ ಏನು ಹೊಡೆದರೂ ದುಡ್ಡು ಮಣ್ಣಿಗೆ. ಇದಕ್ಕೆ ಮದ್ದು ಬಿತ್ತುವ ಮೊದಲೇ: ತಡೆದುಕೊಳ್ಳುವ ತಳಿ, ಟ್ರೈಕೋಡರ್ಮಾದಿಂದ ಬೀಜೋಪಚಾರ, ಅದೇ ಹೊಲದಲ್ಲಿ ಪ್ರತಿ ವರ್ಷ ತೊಗರಿ ಹಾಕದೆ ಬೆಳೆ ಬದಲಿಸುವುದು. 1986ರಲ್ಲಿ ಕರ್ನಾಟಕದಲ್ಲಿ ಬಿಡುಗಡೆಯಾದ 'ಮಾರುತಿ' ತಳಿ ನೆಟೆ ತಡೆಯಲೆಂದೇ ಬಂದದ್ದು.

ಮಳಿ ಬಿಟ್ಟ ಮ್ಯಾಲ ಯಾಕ ಇನ್ನೂ ಕೆಡ್ತದ?

"ಮಳ್ಯಾಗ ಚಲೋ ಇತ್ತು, ಬಿಸಲ ಬಿದ್ದ ಮ್ಯಾಲ ಕೆಟ್ತು" ಅನ್ನೋ ಮಾತು ಊರೂರಲ್ಲಿ ಕೇಳುತ್ತದೆ. ಈ ಮಾತಿನಲ್ಲಿ ಹುರುಳಿದೆ.

ನಡುಮಧ್ಯಾಹ್ನದ ಬಿಸಿಲು ತೊಗರಿ ಎಲೆಗೆ ಬೇಕಾದದ್ದಕ್ಕಿಂತ ಹೆಚ್ಚು. ಎದುರಿಗೇ ಬಿಸಿಲು ಬೀಳುವ ಮೇಲಿನ ಎಲೆ ಅದರಲ್ಲಿ ಅರ್ಧದಷ್ಟನ್ನೂ ಸಕ್ಕರೆ ಮಾಡಲು ಬಳಸಲಾರದು. ಹಿಡಿಯುವುದನ್ನು ಮಾತ್ರ ನಿಲ್ಲಿಸಲು ಬರಲ್ಲ, ಬಲೆ ಬಿಚ್ಚಿಯೇ ಇರುತ್ತದೆ. ಉಸಿರುಗಟ್ಟಿದ ಬೇರು ನೀರು ಕೊಡದಾಗ ಎಲೆ ತನ್ನ ಪತ್ರರಂಧ್ರಗಳನ್ನು ಮುಚ್ಚುತ್ತದೆ, ಇಂಗಾಲದ ಡೈಆಕ್ಸೈಡ್ ಒಳಗೆ ಬರುವುದು ನಿಲ್ಲುತ್ತದೆ. ಮುಂದಿನ ಕೆಲಸ ಬಂದ್, ಇತ್ತ ಬೆಳಕು ಬಂದು ಬೀಳುತ್ತಲೇ ಇದೆ. ಜಾಗ ಸಿಗದ ಶಕ್ತಿ ಆಮ್ಲಜನಕಕ್ಕೆ ಹತ್ತಿ, ಅದು ಪೊರೆಯನ್ನೂ ಪತ್ರಹರಿತ್ತನ್ನೂ ಸುಡಲು ಶುರು ಮಾಡುತ್ತದೆ.

ಗಿಡಕ್ಕೆ ಇದಕ್ಕೂ ಉಪಾಯ ಗೊತ್ತು. ಆ ಹಳದಿ ವಸ್ತುಗಳಲ್ಲಿ ಕೆಲವು ಹೆಚ್ಚಾದ ಶಕ್ತಿಯನ್ನು ಕಾವಾಗಿ ಹೊರಹಾಕುತ್ತವೆ. ದ್ವಿದಳ ಬೆಳೆಗಳು ಎಲೆ ಬುಡದ ಸಣ್ಣ ಗಂಟನ್ನು ಉಬ್ಬಿಸಿ ಇಳಿಸಿ ಎಲೆಯನ್ನೇ ತಿರುಗಿಸಿಕೊಳ್ಳುತ್ತವೆ. ನೀರಿಲ್ಲದ ದಿನ ಮಧ್ಯಾಹ್ನ ಹೊಲಕ್ಕೆ ಹೋದರೆ ಎಲೆಗಳು ಬಿಸಿಲಿಗೆ ಅಂಚು ತೋರಿಸಿ ನಿಂತಿರುವುದು ಕಾಣುತ್ತದೆ. ಆದರೆ ಬೇರು ಕೆಟ್ಟ ಗಿಡಕ್ಕೆ ನಾಲ್ಕು ದಿನ ಮೋಡದ ನಂತರ ಒಮ್ಮೆಗೇ ಚುರುಕು ಬಿಸಿಲು ಬಿದ್ದರೆ ಈ ಉಪಾಯ ಸಾಲುವುದಿಲ್ಲ.

ಅದೇ ಬಿಸಿಲಿಗೆ ಪಕ್ಕದ ಜೋಳ ಜಗ್ಗಲ್ಲ. ಭೀಮಾ ದಂಡೆಯ ಕಬ್ಬೂ ಅಷ್ಟೇ. ಬೆಳಕು ಹಿಡಿಯುವ ಬಲೆ ಮೂರಕ್ಕೂ ಒಂದೇ ತೆರನಾದದ್ದು, ವ್ಯತ್ಯಾಸ ಇರುವುದು ಮುಂದಿನ ಹಂತದಲ್ಲಿ. ಇಂಗಾಲದ ಡೈಆಕ್ಸೈಡ್ ಹಿಡಿಯುವ ಕಿಣ್ವ ತೊಗರಿಯಲ್ಲಿ ಆಗಾಗ ತಪ್ಪಿ ಆಮ್ಲಜನಕವನ್ನೇ ಹಿಡಿದುಬಿಡುತ್ತದೆ, ಸೆಕೆ ಹೆಚ್ಚಿದಷ್ಟೂ ಈ ತಪ್ಪು ಹೆಚ್ಚು. ಜೋಳ, ಕಬ್ಬು, ಮೆಕ್ಕೆಜೋಳ ಆ ಅನಿಲವನ್ನು ಮೊದಲು ಒಂದು ಕೋಶದಲ್ಲಿ ಹಿಡಿದು, ಒಳಗಿನ ಇನ್ನೊಂದು ಕೋಶಕ್ಕೆ ಒತ್ತಿ ತುಂಬುತ್ತವೆ. ಅಲ್ಲಿ ತಪ್ಪಿಗೆ ಅವಕಾಶ ಕಮ್ಮಿ. ಇದರ ಮೊದಲ ಸುಳಿವು ಸಿಕ್ಕಿದ್ದೂ ಕಬ್ಬಿನಲ್ಲೇ. 1965ರಲ್ಲಿ ಹವಾಯಿಯ ಕಬ್ಬಿನ ಸಂಶೋಧಕರು ಅದನ್ನು ಪ್ರಕಟಿಸಿದರು, 1966ರಲ್ಲಿ ಆಸ್ಟ್ರೇಲಿಯಾದ ಹ್ಯಾಚ್ ಮತ್ತು ಸ್ಲ್ಯಾಕ್ ಇಡೀ ದಾರಿ ಬಿಡಿಸಿಟ್ಟರು. ಲೆಕ್ಕ ಹಾಕಿದರೆ ತೊಗರಿಯಂಥ ಬೆಳೆ ತನ್ನ ಮೇಲೆ ಬಿದ್ದ ಬಿಸಿಲಿನ ಶಕ್ತಿಯಲ್ಲಿ ಹೆಚ್ಚೆಂದರೆ 4.6 ಪ್ರತಿಶತ, ಜೋಳ ಕಬ್ಬಿನಂಥವು ಸುಮಾರು 6 ಪ್ರತಿಶತ ಉಳಿಸಿಕೊಳ್ಳಬಹುದು. ಹೊಲದಲ್ಲಿ ಸಿಗುವುದು ಅದಕ್ಕಿಂತ ಬಹಳ ಕಮ್ಮಿ.

ಕುಡಿ ಚಿವುಟುವುದೂ ಒಂದು ರೀತಿಯಲ್ಲಿ ಬೆಳಕಿನ ಹಂಚಿಕೆಯೇ. ಮೇಲಿನ ಎಲೆಗೆ ಬೇಕಾದ್ದಕ್ಕಿಂತ ಹೆಚ್ಚು ಬಿಸಿಲು, ಕೆಳಗಿನದಕ್ಕೆ ನೆರಳು. ಬಿತ್ತಿದ 45ರಿಂದ 60 ದಿನದೊಳಗೆ ತುದಿ ಚಿವುಟಿದರೆ ಗಿಡ ಎತ್ತರಕ್ಕೆ ಓಡುವುದು ಬಿಟ್ಟು ಅಡ್ಡ ಟೊಂಗೆ ಒಡೆಯುತ್ತದೆ, ಹೆಚ್ಚು ಎಲೆಗೆ ಬಿಸಿಲು ಸಿಗುತ್ತದೆ, ಹೂ ಬಿಡುವ ಟೊಂಗೆಯೂ ಹೆಚ್ಚು. ಸಾಲು ಇಕ್ಕಟ್ಟು ಮಾಡಿ ಬಿತ್ತಿದ ಹೊಲದಲ್ಲಿ ಇದರ ಲಾಭ ಅಷ್ಟು ಕಾಣಲ್ಲ.

ಅಂಗಡಿಗೆ ಹೋಗೋ ಮೊದಲು ತಗ್ಗಿನ ಜಾಗದ ಹಳದಿ ಗಿಡ ಒಂದು, ದಿಬ್ಬದ ಹಸಿರು ಗಿಡ ಒಂದು, ಎರಡನ್ನೂ ಬೇರು ಮಣ್ಣು ಸಮೇತ ಅಗೆದು ಹಸಿ ಗೋಣಿಯಲ್ಲಿ ಸುತ್ತಿ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೋ, ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಒಯ್ಯಬಹುದು. ಬರೀ ಟೊಂಗೆ ಒಯ್ದರೆ ಗಂಟೂ ಕಾಣಲ್ಲ, ಕಾಂಡದೊಳಗಿನ ಗೆರೆಯೂ ಕಾಣಲ್ಲ. ಹಳದಿ ಮೇಲಿಂದ ಶುರುವಾಯಿತೋ ಕೆಳಗಿಂದಲೋ, ನೀರು ಎಷ್ಟು ದಿನ ನಿಂತಿತ್ತು, ಹೋದ ವರ್ಷ ಅದೇ ಹೊಲದಲ್ಲಿ ಏನಿತ್ತು, ಈ ಮೂರಕ್ಕೆ ಉತ್ತರ ಗೊತ್ತಿದ್ದರೆ ಅವರಿಗೆ ಹೇಳುವುದು ಸುಲಭ.